ಚಿತ್ರವಿಲ್ಲದ ಕಾರ್ಡುಗಳು

ಬೆಳಗಿನ ಐದೂವರೆಗೆ ಎದ್ದು ಬಾಲಪ್ಪ ಮೊದಲು ಮಾಡುವ ಕೆಲಸ ತಮ್ಮನ ಬಲಗೈಯ ಬೆರಳುಗಳನ್ನು ಬಿಡಿಸುವುದು. ನಿದ್ದೆಯಲ್ಲಿ ಅವು ಮುಷ್ಟಿ ಕಟ್ಟಿಕೊಂಡು ಬಿಗಿದು ಹೋಗಿರುತ್ತಿದ್ದವು. ಮೊದಲು ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಬೇಕು, ಆಮೇಲೆ ಬೆರಳು ತಾವಾಗಿ ಸಡಿಲವಾಗುತ್ತವೆ, ಎಳೆಯಬಾರದು ಎಂದು ಆಸ್ಪತ್ರೆಯವರು ತೋರಿಸಿಕೊಟ್ಟಿದ್ದರು. ಇಪ್ಪತ್ತನಾಲ್ಕು ವರ್ಷ ಸಿಮೆಂಟು ಕಲಸಿ ಕಲ್ಲಿನಂತಾಗಿದ್ದ ಬಾಲಪ್ಪನ ಕೈಗೆ ಆ ನಾಜೂಕು ಬರಲು ಎರಡು ತಿಂಗಳೇ ಹಿಡಿಯಿತು. ಬೆರಳಾದ ಮೇಲೆ ಮೊಣಕೈ, ಭುಜ, ಆಮೇಲೆ ಬಲಗಾಲು. ಅಷ್ಟು ಹೊತ್ತಿಗೆ ಹೆಂಡತಿ ಶಶಿಕಲಾ ಚಪಾತಿ ಬೇಯಿಸಿಟ್ಟು, ಮಣಿಪಾಲದ ಹಾಸ್ಟೆಲಿನ ಅಡುಗೆಮನೆ ಕೆಲಸಕ್ಕೆ ಹೊರಟುಬಿಟ್ಟಿರುತ್ತಿದ್ದಳು.

ಅವರಿದ್ದದ್ದು ಪರ್ಕಳದಲ್ಲಿ, ಕಾರ್ಕಳದ ರಸ್ತೆಯಿಂದ ಸ್ವಲ್ಪ ಕೆಳಗೆ, ಸಾಲಾಗಿ ಕಟ್ಟಿದ ಏಳು ಬಾಡಿಗೆ ಕೋಣೆಗಳಲ್ಲಿ ಮೂರನೆಯದರಲ್ಲಿ. ಏಳರಲ್ಲಿಯೂ ಉತ್ತರ ಕರ್ನಾಟಕದವರೇ. ಬಾಲಪ್ಪ ಹದಿನಾಲ್ಕನೇ ವಯಸ್ಸಿಗೆ ಕುಷ್ಟಗಿ ಕಡೆಯ ತನ್ನೂರಿನಿಂದ ಬಂದವನು. ಕಲ್ಲು ಹೊತ್ತು, ಆಳಾಗಿ ದುಡಿದು, ಈಗ ಮೇಸ್ತ್ರಿ. ಅವನ ತಮ್ಮ ಹನುಮೇಶ ಊರಿನಲ್ಲೇ ಓದಿ, ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ನಾಯಕ್ ಹುದ್ದೆಗೆ ಏರಿದ್ದ. ಹಿಂದಿನ ವರ್ಷ ಜಮ್ಮುವಿನ ಕಡೆ, ಗಡಿಯ ಗುಡ್ಡವೊಂದರಲ್ಲಿ ಗಸ್ತು ಹೋಗುವಾಗ ನೆಲಬಾಂಬು ಸಿಡಿಯಿತು. ಮುಂದಿದ್ದ ಇಬ್ಬರು ಅಲ್ಲೇ ಹೋದರು. ಹನುಮೇಶನ ತಲೆಯ ಎಡಭಾಗಕ್ಕೆ ಚೂರು ಹೊಕ್ಕಿತು.

ಸೈನ್ಯದ ಆಸ್ಪತ್ರೆಗಳಲ್ಲಿ ಎಂಟು ತಿಂಗಳು ಕಳೆದು ಅವನು ಬಿಡುಗಡೆಯಾಗಿ ಬಂದಾಗ ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಹೋಗಿತ್ತು. ಕಿವಿ ಸರಿಯಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಪೇಪರಿನ ದೊಡ್ಡ ಅಕ್ಷರಗಳನ್ನು ಕಣ್ಣಲ್ಲೇ ಓದಿಕೊಳ್ಳುತ್ತಿದ್ದ. ಆದರೆ ಒಳಗಿದ್ದದ್ದು ನಾಲಿಗೆಗೆ ಬರುತ್ತಿರಲಿಲ್ಲ. ಉಳಿದಿದ್ದು ನಾಲ್ಕೇ: ಅವ್ವ, ಅಣ್ಣ, ಅಲ್ಲ, ಮತ್ತು 'ಜೈ ಹಿಂದ್ ಸಾಬ್'. ಈ ಕೊನೆಯದು ಮಾತ್ರ ಪೂರ್ತಿಯಾಗಿ, ಗಟ್ಟಿಯಾಗಿ, ಒಂದು ತೊಡಕಿಲ್ಲದೆ ಬರುತ್ತಿತ್ತು. ನೀರು ಬೇಕಾದರೂ ಅದೇ, ಸೊಳ್ಳೆ ಕಚ್ಚಿದರೂ ಅದೇ. ಸಾಲಿನ ಮನೆಯವರು ಮೊದಮೊದಲು ಅದಕ್ಕೆ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಆಟೋ ಸ್ಟ್ಯಾಂಡಿನ ಸಿರಿಲ್ ಅಂತೂ ಗಾಡಿ ನಿಲ್ಲಿಸಿ ಹೊಡೆಯುತ್ತಿದ್ದ. ಮೊದಲ ವಾರ ಬಾಲಪ್ಪನಿಗೆ ಎದೆ ಉಬ್ಬಿತು. ಮೂರನೇ ತಿಂಗಳಿಗೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಇವನಿಗೆ ಈಗ ಏನು ಬೇಕು ಎಂದು ಹುಡುಕುವ ದಣಿವೊಂದೇ ಅವನಿಗೆ ಉಳಿದಿತ್ತು.

ಊರಿನಿಂದ ತಾಯಿ ಸೋಮವ್ವನೂ ಬಂದಳು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದಾಗ ಹನುಮೇಶನ ಹತ್ತಿರ ಒಬ್ಬರು ಇರಬೇಕಲ್ಲ. ಊರಲ್ಲಿ ಅವನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಎರಡು ಸಲ ಫೋನು ಮಾಡಿ ಆರೋಗ್ಯ ಕೇಳಿದರು, ಮೂರನೇ ಸಲ ಮಾಡಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಂಗಳವಾರ ಮತ್ತು ಶುಕ್ರವಾರ ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ. ತಮ್ಮನನ್ನು ಬಸ್ಸಿಗೆ ಹತ್ತಿಸುವುದು, ಇಳಿಸುವುದು, ಚಿಕಿತ್ಸೆ ಮುಗಿಯುವವರೆಗೆ ಕುಳಿತಿರುವುದು, ಮತ್ತೆ ಮನೆಗೆ ಮುಟ್ಟಿಸಿ ಮಧ್ಯಾಹ್ನದ ಮೇಲೆ ಕೆಲಸಕ್ಕೆ ಓಡುವುದು, ಇವೆಲ್ಲ ಬಾಲಪ್ಪನ ಪಾಲಿಗೆ. ಕಂಟ್ರಾಕ್ಟರ್ ಎಡ್ವಿನ್ ಒಳ್ಳೆಯ ಮನುಷ್ಯ. ಆದರೂ ಅವನಿಗೂ ಸಾಕಾಗುತ್ತಿತ್ತು.

"ಎಂತ ಬಾಲಪ್ಪ, ಮಟ್ಟುವಿನಲ್ಲಿ ಸ್ಲ್ಯಾಬ್ ಉಂಟು, ಕಾಪುವಿನಲ್ಲಿ ಪ್ಲಾಸ್ಟರಿಂಗ್ ಉಂಟು. ನೀನು ಮಂಗಳವಾರ ಅರ್ಧ, ಶುಕ್ರವಾರ ಅರ್ಧ ಅಂದ್ರೆ ನಾನು ಎಂತ ಮಾಡುವುದು ಮಾರಾಯ?"

"ಉಳಿದ ದಿನ ಕತ್ಲಾಗೂ ತನಾ ಮಾಡ್ತೀನ್ರಿ ಸಾವ್ಕಾರ್ರ," ಎನ್ನುತ್ತಿದ್ದ ಬಾಲಪ್ಪ. ಹಾಗೆಯೇ ಮಾಡುತ್ತಿದ್ದ. ಸಂಜೆ ಬಂದು ಕೈಕಾಲು ತೊಳೆದು, ಒಂದು ಲೋಟ ಚಹಾ ಕುಡಿದು, ತಮ್ಮನ ಎದುರು ಕಾರ್ಡುಗಳನ್ನು ಹಿಡಿದು ಕುಳಿತುಕೊಳ್ಳುತ್ತಿದ್ದ.

ಮೊದಲ ಐದು ತಿಂಗಳು ಚಿತ್ರದ ಕಾರ್ಡುಗಳು. ಲೋಟ, ಬಾಚಣಿಗೆ, ಹಸು, ಚಪ್ಪಲಿ. ಚಿತ್ರ ತೋರಿಸಬೇಕು, ಮೊದಲ ಅಕ್ಷರಕ್ಕೆ ಬಾಯಿ ಮಾಡಿ ತೋರಿಸಬೇಕು, ಉಳಿದದ್ದು ಅವನ ಬಾಯಿಂದ ಬರುವವರೆಗೆ ಕಾಯಬೇಕು. ಸೋಮವ್ವನೂ ಪಕ್ಕದಲ್ಲಿ ಕುಳಿತು ನೋಡುವಳು. ಒಂದು ಕಾರ್ಡಿನಲ್ಲಿ ಹಸಿರಾಗಿ ದುಂಡಗಿದ್ದ ಬದನೆಕಾಯಿ ಇತ್ತು, ಈ ಕಡೆಯ ಮಟ್ಟು ಗುಳ್ಳ. "ಇದ್ಯಾವ ಬದ್ನಿಕಾಯೋ? ಇದನ್ನ ನೋಡಿ ನನಗ ಹೆಸರ ಬಾಯಿಗೆ ಬರ್ವಲ್ದು, ಪಾಪ ಅವಗ ಹೆಂಗ ಬರಬೇಕು?" ಎಂದು ಅವಳು ಆ ಕಾರ್ಡನ್ನು ತೆಗೆದು ಹಾಸಿಗೆಯ ಕೆಳಗೆ ಇಟ್ಟುಬಿಟ್ಟಳು. ಹನುಮೇಶ ಅಂದು ಬಾಯಿಯ ಒಂದೇ ಬದಿಯಲ್ಲಿ ನಕ್ಕ. ಅವನಿಗೆ ನಿಧಾನವಾಗಿ ಮೂವತ್ತು ನಲವತ್ತು ಪದಗಳು ಬಂದವು. ಇವತ್ತು ಬಂದದ್ದು ನಾಳೆ ಇರುತ್ತಿರಲಿಲ್ಲ, ನಾಡಿದ್ದು ಮತ್ತೆ ಬರುತ್ತಿತ್ತು.

ಚಿಕಿತ್ಸೆ ಕೊಡುತ್ತಿದ್ದ ಚೈತಾಲಿ ಉಡುಪಿಯ ಕಡೆಯವಳು, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಒಂದು ಶುಕ್ರವಾರ ಅವಳು ರಬ್ಬರ್ ಬ್ಯಾಂಡ್ ಹಾಕಿದ ಹೊಸ ಕಟ್ಟೊಂದನ್ನು ಬಾಲಪ್ಪನ ಕೈಗಿತ್ತಳು. ಹದಿನೈದು ಕಾರ್ಡು. ಯಾವುದರಲ್ಲೂ ಚಿತ್ರವಿರಲಿಲ್ಲ.

"ಇನ್ನು ವಾಕ್ಯ ಶುರು ಮಾಡುವ. ಇವರಿಗೆ ಓದುವುದು ಸ್ವಲ್ಪ ಉಳಿದಿದೆ, ಅದು ದೊಡ್ಡ ಸಹಾಯ. ಕಾರ್ಡ್ ಅವರ ಎದುರು ಹಿಡಿಯಿರಿ, ನೀವು ಗಟ್ಟಿಯಾಗಿ ಓದಿ, ಅವರು ನಿಮ್ಮ ಜೊತೆಗೆ ಹೇಳಲಿ. ನಿಮಗೆ ಓದಲು ಬರ್ತದಲ್ವಾ?"

ಬೆಂಚಿನಲ್ಲಿ ಬೇರೆ ರೋಗಿಗಳ ಕಡೆಯವರು ಮೂರು ಜನ ಕುಳಿತಿದ್ದರು. ಬಾಲಪ್ಪ ಕಟ್ಟನ್ನು ಅಂಗಿಯ ಜೇಬಿಗೆ ಇಳಿಸಿಕೊಂಡ.

"ಬರ್ತೈತ್ರಿ," ಎಂದ.

ಅವನಿಗೆ ಬರುತ್ತಿರಲಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟು ಎಮ್ಮೆ ಕಾಯಲು ಹೋದವನು. ಟೇಪಿನ ಅಂಕಿ ಬರುತ್ತಿತ್ತು, ನಕ್ಷೆಯ ಗೆರೆ ತಿಳಿಯುತ್ತಿತ್ತು, ಹೆಸರು ಗೀಚಿ ಸಹಿ ಮಾಡುತ್ತಿದ್ದ. ಅಷ್ಟರಲ್ಲೇ ಜೀವನ ನಡೆದಿತ್ತು. ಬಸ್ಸನ್ನು ಬಣ್ಣದಲ್ಲಿ ಗುರುತಿಸುತ್ತಿದ್ದ. ಹನುಮೇಶನ ಎದುರಿಗೇ ಈ ಸುಳ್ಳು ಹೇಳಿದ್ದ. ತಮ್ಮ ಅಣ್ಣನ ಮುಖವನ್ನೊಮ್ಮೆ ನೋಡಿ, ಕಿಟಕಿಯ ಕಡೆಗೆ ತಿರುಗಿದ.

ಶಶಿಕಲಾ ಏಳನೆಯ ತನಕ ಓದಿದ್ದಳು. ಅಂದು ಸಂಜೆ ಅವಳು ಹದಿನೈದನ್ನೂ ಓದಿ ಹೇಳಿದಳು: ನನಗೆ ನೀರು ಬೇಕು. ಅವ್ವ ಮನೆಯಲ್ಲಿದ್ದಾಳೆ. ತಲೆ ನೋಯುತ್ತಿದೆ. ಬಸ್ಸು ಬಂತು... ಬಾಲಪ್ಪ ಅವನ್ನು ಇದ್ದ ಸಾಲಿನಲ್ಲೇ ಬಾಯಿಪಾಠ ಮಾಡಿದ. ಕಾರ್ಡಿನ ಹಿಂದೆ ಒಂದು ಎರಡು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು. ಬರೆದರೆ ಚೈತಾಲಿಯ ಕಣ್ಣಿಗೆ ಬೀಳುತ್ತದೆಂದು ಬಿಟ್ಟ. "ಖರೇ ಹೇಳಿಬಿಡ್ರಿ ಆಕೀಗೆ. ಅದರಾಗ ನಾಚಿಕಿ ಏನೈತಿ?" ಎಂದಳು ಶಶಿಕಲಾ. "ನಡೀತೈತಿ ಬಿಡು," ಎಂದ ಇವನು.

ಒಂದು ವಾರ ನಡೆಯಿತು ಕೂಡ. ಹನುಮೇಶ ಕಾರ್ಡು ನೋಡುತ್ತ, ಅಣ್ಣನ ಬಾಯಿ ನೋಡುತ್ತ, ತೊದಲುತ್ತ ಹಿಂದೆ ಬಂದ. 'ತಲೆ ನೋಯುತ್ತಿದೆ' ಎಂಬುದನ್ನು ಒಂದು ಸಲ ಒಬ್ಬನೇ ಹೇಳಿಯೂ ಬಿಟ್ಟ.

ಆಮೇಲೆ ಶಶಿಕಲಾಳ ತಂಗಿಗೆ ಕಾರ್ಕಳದಲ್ಲಿ ಹೆರಿಗೆಯಾಯಿತು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಅವಳು ಹಾಸ್ಟೆಲಿಗೆ ರಜೆ ಹೇಳಿ ಹೋದಳು. ಅಡುಗೆ ಸೋಮವ್ವನ ಮೇಲೆ ಬಿತ್ತು, ಉಳಿದದ್ದೆಲ್ಲ ಬಾಲಪ್ಪನ ಮೇಲೆ. ಅದೇ ದಿನಗಳಲ್ಲಿ ಸೋಮವ್ವ ಚಹಾದ ಪಾತ್ರೆ ಇಳಿಸುವಾಗ ಗೂಡಿನಲ್ಲಿದ್ದ ಕಾರ್ಡಿನ ಕಟ್ಟು ಕೆಳಗೆ ಬಿದ್ದು ರಬ್ಬರ್ ಕಳಚಿತು. ಅವಳು ಒಂದೊಂದನ್ನೂ ಸೆರಗಿನಲ್ಲಿ ಒರೆಸಿ, ಕೈಗೆ ಸಿಕ್ಕಂತೆ ಜೋಡಿಸಿ, ಮತ್ತೆ ರಬ್ಬರ್ ಹಾಕಿ ಇದ್ದಲ್ಲೇ ಇಟ್ಟಳು. ಅವಳಿಗೂ ಅಕ್ಷರ ಬರುತ್ತಿರಲಿಲ್ಲ. ಹೇಳಬೇಕಾದ ವಿಷಯ ಅದೆಂದು ಅವಳಿಗೆ ಹೊಳೆಯಲೂ ಇಲ್ಲ.

ಅಂದು ಮಟ್ಟುವಿನ ಮನೆಗೆ ಸ್ಲ್ಯಾಬ್ ಹಾಕಿದ ದಿನ. ಬಾಲಪ್ಪ ಬೆಳಗಿನ ಏಳಕ್ಕೆ ನಿಂತವನು ಸಂಜೆ ಏಳಕ್ಕೆ ಕೂತ. ಬಸ್ಸಿನಲ್ಲಿ ನಿಂತೇ ಬಂದ. ಮನೆಗೆ ಬಂದು ಸ್ನಾನ ಮಾಡಿ ಕಾರ್ಡು ಹಿಡಿದ. "ನನಗೆ ನೀರು ಬೇಕು," ಎಂದ.

ಹನುಮೇಶ ಕಾರ್ಡು ನೋಡಿದ. "ಅಲ್ಲ," ಎಂದ.

"ನನಗೆ ನೀರು ಬೇಕು. ಅನ್ನು."

"ಅಲ್ಲ. ಅಲ್ಲ."

ಎರಡನೆಯದಕ್ಕೂ ಅಲ್ಲ, ಮೂರನೆಯದಕ್ಕೂ ಅಲ್ಲ. ಎಡಗೈಯ ಬೆರಳಿನಿಂದ ಕಾರ್ಡನ್ನು ಕುಟ್ಟಿ ಕುಟ್ಟಿ ಏನೋ ಹೇಳಲು ಹೋದ. ಬಂದದ್ದು ಮಾತ್ರ 'ಜೈ ಹಿಂದ್ ಸಾಬ್'. ಮುಖ ಕೆಂಪಾಗಿ, ಮತ್ತೆ ಅದೇ, ಮತ್ತೆ ಅದೇ. ಬಾಲಪ್ಪನ ಸೊಂಟ ಸಿಡಿಯುತ್ತಿತ್ತು. ಸಿಮೆಂಟು ತಿಂದ ಬೆರಳ ಸಂದುಗಳು ಉರಿಯುತ್ತಿದ್ದವು.

"ಒಂದು ಮಾತು ನೆಟ್ಟಗ ಬರೂದಿಲ್ಲ ನಿನಗ. ಅಲ್ಲ ಅನ್ನೂದೊಂದ ಬರ್ತೈತಿ!" ಎಂದು ಸ್ಟೂಲಿಗೆ ಕೈ ಅಪ್ಪಳಿಸಿದ. "ಯಾರ ಸಲುವಾಗಿ ಸಾಯಾಕತ್ತೀನಿ ನಾ? ದಿನಾ ದುಡಿದು ಬಂದು ನಿನ್ನ ಮುಂದ ಹಿಂಗ ಕುಂಡ್ರಬೇಕು, ನೀ ಅಲ್ಲ ಅನಬೇಕು. ಬ್ಯಾಡಾದ್ರ ಬಿಟ್ಟುಬಿಡೂಣು. ಇರು ಹಿಂಗ, ಮೂಕನಾಗಿ."

ಸೋಮವ್ವ ಒಲೆಯ ಹತ್ತಿರದಿಂದ "ಏ ಬಾಲ್ಯಾ!" ಎಂದಳು.

ಹನುಮೇಶ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದ. ಆಮೇಲೆ ತಾನೇ ಎಡಗೈಯಿಂದ ಮೊದಲ ಕಾರ್ಡನ್ನು ಎತ್ತಿ ಅಣ್ಣನ ಕೈಗೆ ಕೊಟ್ಟ.

"ನನಗೆ ನೀರು ಬೇಕು," ಎಂದ ಬಾಲಪ್ಪ, ಧ್ವನಿ ಇಳಿಸಿ.

"ನ... ನನ... ನೀರು. ಬೇಕು," ಎಂದ ಹನುಮೇಶ.

ಅಂದಿನಿಂದ ಒಂದು ದಿನವೂ ತಕರಾರಿಲ್ಲ. ಅಣ್ಣ ಹೇಳಿದ್ದನ್ನು ಹೇಳಿದಂತೆ, ಕಾರ್ಡಿನ ಮೇಲೆ ಕಣ್ಣಿಟ್ಟು, ಎರಡೆರಡು ಸಲ ಹೇಳಿದ. ಆ ವಾರ ಉಡುಪಿಯಲ್ಲಿ ಏನೋ ತರಬೇತಿಯಿದ್ದುದರಿಂದ ಚೈತಾಲಿ ಎರಡು ಬಾರಿಯ ಚಿಕಿತ್ಸೆಯನ್ನು ಮುಂದೆ ಹಾಕಿದ್ದಳು. ಹತ್ತು ದಿನ ಹಾಗೇ ನಡೆಯಿತು. ಒಮ್ಮೆ ಗದರಿದ್ದು ಒಳ್ಳೆಯದೇ ಆಯಿತು ಎಂದು ಬಾಲಪ್ಪ ಒಳಗೊಳಗೇ ಅಂದುಕೊಂಡ. ಕಾರ್ಕಳಕ್ಕೆ ಫೋನು ಮಾಡಿ ಹೆಂಡತಿಗೂ ಹೇಳಿದ, "ಚಲೋ ಹೇಳಾಕತ್ತಾನ ಈಗ."

ಮುಂದಿನ ಮಂಗಳವಾರ ಚೈತಾಲಿ ತನ್ನ ಮೇಜಿನ ಮೇಲೆ ಅವೇ ಕಾರ್ಡುಗಳನ್ನು ಒಂದೊಂದಾಗಿ ಇಟ್ಟಳು. ಬಾಲಪ್ಪ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ.

"ಇದು ಎಂತ?"

ಹನುಮೇಶ ಕಾರ್ಡು ನೋಡಿದ. ಬೇಗ ಹೇಳಲಿಲ್ಲ. ಕತ್ತು ಸ್ವಲ್ಪ ತಿರುಗಿಸಿ ಹಿಂದೆ ಕುಳಿತ ಅಣ್ಣನನ್ನು ನೋಡಿದ. ಆಮೇಲೆ, "ಬಸ್ಸು... ಬಂತು," ಎಂದ.

ಚೈತಾಲಿ ಹುಬ್ಬು ಗಂಟಿಕ್ಕಿದಳು. ಇನ್ನೊಂದು ಇಟ್ಟಳು. ಅದಕ್ಕೂ ಬೇರೆಯೇ ಹೇಳಿದ. ಆರಕ್ಕೆ ಆರೂ ತಪ್ಪು. ಅವಳು ಎದ್ದು ಕಪಾಟಿನಿಂದ ಚಿತ್ರಗಳನ್ನು ತಂದು ಮೇಜಿನ ಮೇಲೆ ಹರಡಿದಳು: ನೀರಿನ ಲೋಟ, ಬಸ್ಸು, ತಲೆ ಹಿಡಿದುಕೊಂಡ ಹೆಂಗಸು. "ಹೇಳುವುದು ಬೇಡ. ಕಾರ್ಡು ಓದಿ, ಅದಕ್ಕೆ ಸರಿಯಾದ ಚಿತ್ರ ತೋರಿಸಿ," ಎಂದಳು. ಹನುಮೇಶನ ಎಡಗೈ ತಡೆಯದೆ ಹೋಯಿತು. ಕಾರ್ಡಿಗೆ ಸರಿಯಾಗಿ ಲೋಟ, ಬಸ್ಸು, ಹೆಂಗಸು. ಆರಕ್ಕೆ ಆರೂ ಸರಿ.

"ವಿಚಿತ್ರ ಅಲ್ವಾ?" ಎಂದಳು ಚೈತಾಲಿ, ಬಾಲಪ್ಪನ ಕಡೆ ತಿರುಗಿ. "ಇವರಿಗೆ ಓದಿದ್ದು ಅರ್ಥ ಆಗ್ತದೆ. ಆದರೆ ಬಾಯಲ್ಲಿ ಬೇರೆ ವಾಕ್ಯ ಹೇಳ್ತಾರೆ. ಅದೂ ಸ್ಪಷ್ಟವಾಗಿ, ಪಾಠ ಮಾಡಿದ ಹಾಗೆ. ಮನೆಯಲ್ಲಿ ಹೇಗೆ ಮಾಡಿಸಿದ್ರಿ? ಒಮ್ಮೆ ನನ್ನೆದುರು ಮಾಡಿ ನೋಡುವ."

ಅವಳು ಒಂದು ಕಾರ್ಡನ್ನು ಅವನ ಕೈಗೆ ಕೊಟ್ಟಳು. ಬಾಲಪ್ಪ ಅದನ್ನು ಹಿಡಿದುಕೊಂಡ. ಒಂದೇ ಒಂದು ಕಾರ್ಡು, ಹಿಂದಿಲ್ಲ ಮುಂದಿಲ್ಲ. ಕಪ್ಪು ಗೆರೆಗಳು, ಸೊನ್ನೆಗಳು, ಕೊಂಬುಗಳು. ಬೆವರಿನಿಂದ ಕಾರ್ಡಿನ ಅಂಚು ಮೆತ್ತಗಾಯಿತು. ಹನುಮೇಶ ಕೈ ಚಾಚಿ ಅದನ್ನು ಅಣ್ಣನ ಕೈಯಿಂದ ತೆಗೆದುಕೊಳ್ಳಲು ನೋಡಿದ. "ಅಲ್ಲ," ಎಂದ ಚೈತಾಲಿಗೆ. "ಅಲ್ಲ, ಅಲ್ಲ. ಜೈ ಹಿಂದ್ ಸಾಬ್."

ಬಾಲಪ್ಪನಿಗೆ ಆಗ ತಿಳಿಯಿತು. ಹತ್ತು ದಿನವೂ ತಮ್ಮ ಕಾರ್ಡಿನಲ್ಲಿದ್ದದ್ದನ್ನು ಓದಿಕೊಂಡೇ ಇದ್ದ. ತಪ್ಪೆಂದು ತಿಳಿದೇ, ಅಣ್ಣ ಹೇಳಿಸಿದ್ದನ್ನು ಹೇಳಿದ್ದ. ಇವತ್ತು ಇಲ್ಲಿಯೂ ಅದನ್ನೇ ಹೇಳಿದ್ದ, ಅಣ್ಣನ ಸುಳ್ಳು ಹೊರಗೆ ಬಾರದಿರಲೆಂದು.

"ನನಗ ಓದಾಕ ಬರೂದಿಲ್ಲ ಮೇಡಂ," ಎಂದ. ಒಂದು ಸಲ ಹೊರಬಿದ್ದ ಮೇಲೆ ಉಳಿದದ್ದೂ ಬಂತು: ಬಾಯಿಪಾಠ ಮಾಡಿದ್ದು, ಸಾಲು ಎಲ್ಲೋ ತಪ್ಪಿರಬೇಕೆನ್ನುವುದು, ತಮ್ಮ ಅಲ್ಲ ಅಂದದ್ದು, ತಾನು ಬೈದದ್ದು. "ಮೂಕನಾಗಿ ಇರು ಅಂದ್ನಿರೀ ಅವಗ," ಎಂದ.

ಚೈತಾಲಿ ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟೂ ಇತ್ತು. "ನೀವು ಮೊದಲೇ ಹೇಳಬೇಕಿತ್ತು. ಇಂಥ ರೋಗಿಗಳಿಗೆ ಈ ದಿನಗಳು ತುಂಬಾ ಮುಖ್ಯ. ತಪ್ಪನ್ನು ಹೇಳಿ ಹೇಳಿ ಗಟ್ಟಿ ಮಾಡಿದರೆ ಅದನ್ನು ಬಿಡಿಸಲು ಮತ್ತೆ ಅಷ್ಟೇ ಸಮಯ ಬೇಕು," ಎಂದಳು. ಆಮೇಲೆ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ತನ್ನ ಡ್ರಾಯರಿನಲ್ಲಿಟ್ಟಳು. "ಇದು ನನ್ನ ಹತ್ತಿರ ಇರಲಿ. ನಿಮ್ಮ ಹೆಂಡತಿ ಬಂದ ಮೇಲೆ ಅವರು ಮಾಡಿಸಲಿ. ನೀವು ಬೇರೆ ಕೆಲಸ ಮಾಡಿ. ಇವರಿಗೆ ಏನಾದರೂ ಬೇಕಾದಾಗ ನೀವು ಎಂತ ಮಾಡ್ತೀರಿ?"

"ತಂದು ಕೊಡ್ತೀನ್ರಿ."

"ಇನ್ನು ತರಬೇಡಿ. ಅವರು ಹೇಳುವವರೆಗೆ ಕಾಯಿರಿ. ಐದು ನಿಮಿಷ ಆಗಲಿ, ಹತ್ತು ಆಗಲಿ. ನೀವು ಬಾಯಿ ಹಾಕಬೇಡಿ. ಅದು ಕಾರ್ಡಿಗಿಂತ ಕಷ್ಟ ಉಂಟು."

ಮಣಿಪಾಲದ ಟೈಗರ್ ಸರ್ಕಲ್ಲಿನ ಹತ್ತಿರ ಪರ್ಕಳದ ಬಸ್ಸು ಕಣ್ಣೆದುರಿಗೇ ಹೊರಟುಹೋಯಿತು. ಓಡಿ ಹಿಡಿಯುವಂತಿರಲಿಲ್ಲ. ತಂಗುದಾಣದ ಬೆಂಚಿನಲ್ಲಿ ತಮ್ಮನನ್ನು ಕೂರಿಸಿ, ಊರುಗೋಲನ್ನು ಒರಗಿಸಿ, ಬಾಲಪ್ಪನೂ ಕುಳಿತ. ಕಾಲೇಜಿನ ಹುಡುಗ ಹುಡುಗಿಯರು ಕೊಡೆ ಬಿಡಿಸಿಕೊಂಡು, ನಗುತ್ತ, ಹಿಂದಿ ಇಂಗ್ಲಿಷು ಮಾತಾಡುತ್ತ ದಾಟುತ್ತಿದ್ದರು. ಎಡ್ವಿನ್ನನ ಫೋನು ಎರಡು ಸಲ ಬಂತು. ಬಾಲಪ್ಪ ತೆಗೆಯಲಿಲ್ಲ.

"ನಿನಗ ಗೊತ್ತಿತ್ತು," ಎಂದ ಬಹಳ ಹೊತ್ತಿನ ಮೇಲೆ. "ನಾ ತಪ್ಪ ಹೇಳ್ಸಾಕತ್ತೀನಿ ಅಂತ."

ಹನುಮೇಶ ತಲೆಯಾಡಿಸಿದ.

"ಮತ್ತ್ಯಾಕ ಹೇಳ್ದಿ?"

ಹನುಮೇಶನ ಬಾಯಿ ತೆರೆಯಿತು, ಮುಚ್ಚಿತು. ಎಡಗೈ ಮೊಣಕಾಲನ್ನು ಹಿಡಿದುಕೊಂಡಿತು. ಬಾಲಪ್ಪನಿಗೆ ನಾಲಿಗೆಯ ತುದಿಯಲ್ಲಿ ಹತ್ತು ಉತ್ತರಗಳಿದ್ದವು: ನಾ ಬೈತೀನಂತ ಅಂಜಿದೇನು? ಮರ್ಯಾದಿ ಹೋಗ್ತೈತಂತ ನೋಡಿದೇನು? ಒಂದನ್ನೂ ಅವನು ಬಾಯಿಗೆ ತರಲಿಲ್ಲ. ಕಾದ. ಒಂದು ಬಸ್ಸು ಬಂದು ಹೋಯಿತು, ಅದು ಅವರದಲ್ಲ. ಪಕ್ಕದಲ್ಲಿ ಕುಳಿತ ಮುದುಕಿ ಹೂವಿನ ಚೆಂಡನ್ನು ಬಾಳೆ ಎಲೆಯಲ್ಲಿ ಸುತ್ತಿ ಎದ್ದುಹೋದಳು.

"ಅಣ್ಣ," ಎಂದ ಹನುಮೇಶ.

ಬಾಲಪ್ಪ ಹೂಂ ಎನ್ನಲಿಲ್ಲ.

"ಅಣ್ಣ... ದ... ದಣ..." ಕಣ್ಣು ಮುಚ್ಚಿ, ಹಣೆಯ ನರ ಉಬ್ಬಿ, ಉಸಿರು ಬಿಗಿಹಿಡಿದು ಬಿಟ್ಟ. "ದಣದಾನ. ಅಣ್ಣ ದಣದಾನ."

ಆ ವಾಕ್ಯ ಯಾವ ಕಾರ್ಡಿನಲ್ಲೂ ಇರಲಿಲ್ಲ. ಯಾರೂ ಅದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಬಾಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಕೊನೆಗೆ ಅದನ್ನು ಮುಖದ ಮೇಲಿನಿಂದ ತೆಗೆಯದೆ ಸುಮ್ಮನೆ ಕುಳಿತ. "ಹೌದಪಾ," ಎಂದ ಅದರ ಒಳಗಿನಿಂದ. "ದಣದೀನಿ."

ಮುಂದಿನ ಬಸ್ಸಿಗೆ ಮನೆಗೆ ಹೋದರು. ಬಾಲಪ್ಪ ಅಂದು ಕೆಲಸಕ್ಕೆ ಹೋಗಲಿಲ್ಲ. ಎಡ್ವಿನ್ನನಿಗೆ ಫೋನು ಮಾಡಿ, ಇವತ್ತು ಆಗುವುದಿಲ್ಲ ಎಂದಷ್ಟೇ ಹೇಳಿದ. "ಹುಷಾರಿಲ್ವಾ?" ಎಂದು ಕೇಳಿದ ಎಡ್ವಿನ್. "ಹುಷಾರದೀನ್ರಿ, ಸಾಕಾಗೈತಿ," ಎಂದ. "ಆಯ್ತು, ಮಲಗು ಮಾರಾಯ," ಎಂದು ಎಡ್ವಿನ್ ಇಟ್ಟುಬಿಟ್ಟ.

ಶಶಿಕಲಾ ನಾಲ್ಕು ದಿನದಲ್ಲಿ ಬಂದಳು. ಸಂಜೆಯ ಪಾಠ ಅವಳದಾಯಿತು. ಚೈತಾಲಿ ಹೇಳಿದ್ದು ನಿಜವಾಗಿತ್ತು: ತಪ್ಪಾಗಿ ಕೂತ ವಾಕ್ಯಗಳನ್ನು ಬಿಡಿಸಲು ಮೂರು ವಾರ ಹಿಡಿಯಿತು. ನೀರಿನ ಕಾರ್ಡಿಗೆ ಬಸ್ಸು ಬರುವುದು ಆಮೇಲೂ ಒಮ್ಮೊಮ್ಮೆ ತಪ್ಪಲಿಲ್ಲ, ಆಗ ಎಲ್ಲರೂ ನಗುತ್ತಿದ್ದರು. ಬಾಲಪ್ಪನ ಪಾಲಿನ ಕೆಲಸ ಕಾಯುವುದು. ಅದು ಸ್ಲ್ಯಾಬ್ ಹಾಕುವುದಕ್ಕಿಂತ ಹೆಚ್ಚು ಸುಸ್ತು ಮಾಡುತ್ತಿತ್ತು. ತಮ್ಮ 'ಉಪ್ಪು' ಎನ್ನಲು ಒದ್ದಾಡುವಾಗ ಉಪ್ಪಿನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ತಾನು ಅನ್ನ ಆರಿಸಿಕೊಂಡು ಕೂರಬೇಕು. ಸೋಮವ್ವನಿಗೆ ಅದು ಕ್ರೌರ್ಯದಂತೆ ಕಾಣುತ್ತಿತ್ತು. ಕದ್ದು ಕೊಟ್ಟುಬಿಡುತ್ತಿದ್ದಳು.

ದೀಪಾವಳಿ ಕಳೆದ ಒಂದು ಭಾನುವಾರ. ಉಂಡು ಬಾಲಪ್ಪ ಬಾಗಿಲ ಬಳಿ ಚಾಪೆಯ ಮೇಲೆ ಅಡ್ಡಾಗಿದ್ದ. ಶಶಿಕಲಾ ಬಟ್ಟೆ ತೊಳೆಯಲು ಹೋಗಿದ್ದಳು, ಸೋಮವ್ವ ಪಕ್ಕದ ಕೋಣೆಯಲ್ಲಿ ಮಾತಿಗೆ ಕೂತಿದ್ದಳು. ಅರೆನಿದ್ದೆಯಲ್ಲಿ ಅವನಿಗೆ ಊರುಗೋಲು ನೆಲಕ್ಕೆ ತಾಗಿದ ಸದ್ದು ಕೇಳಿತು. ಕಣ್ಣು ಸ್ವಲ್ಪ ತೆರೆದ. ಹನುಮೇಶ ಮಂಚದಿಂದ ಎದ್ದಿದ್ದ. ಒಂಟಿಯಾಗಿ ಅವನು ಹೊಸ್ತಿಲು ದಾಟಿದ್ದು ಈವರೆಗೆ ಇರಲಿಲ್ಲ. ಬಲಗಾಲನ್ನು ಎಳೆದು, ಊರಿ, ಮತ್ತೆ ಎಳೆದು, ಚಾಪೆಯ ಅಂಚನ್ನು ಬಳಸಿ, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತ. ಹೊಸ್ತಿಲು ನಾಲ್ಕು ಇಂಚು ಎತ್ತರ. ಅದರಾಚೆ ಮೂರು ಮೆಟ್ಟಿಲು, ಆಮೇಲೆ ಅಂಗಳದ ನಲ್ಲಿ.

ಬಾಲಪ್ಪನ ಕೈ ಚಾಪೆಗೆ ಊರಿ ಎದ್ದೇಳಲು ಹೊರಟಿತ್ತು. ಅವನು ಅದನ್ನು ಅಲ್ಲೇ ತಡೆದ.

ಗೋಲು ಮೊದಲ ಮೆಟ್ಟಿಲಿಗೆ ತಾಗಿತು. ದೊಡ್ಡ ಉಸಿರು. ಆಮೇಲೆ ಕಾಲು. ಹೊರಗೆ ಯಾರೋ, "ಹನುಮೇಶಣ್ಣ, ಹಿಡೀಲೇನು?" ಎಂದು ಕೂಗಿದರು. "ಬ್ಯಾ... ಬ್ಯಾಡ," ಎಂದಿತು ತಮ್ಮನ ಧ್ವನಿ. ಎರಡನೇ ಮೆಟ್ಟಿಲು. ಬಾಲಪ್ಪ ತಲೆಯನ್ನು ಮತ್ತೆ ತೋಳಿನ ಮೇಲಿಟ್ಟ. ಬೆನ್ನು ಚಾಪೆಗೆ ಅಂಟಿಕೊಂಡಂತಿತ್ತು. ನಲ್ಲಿಯ ನೀರು ಬಿದ್ದ ಸದ್ದು ಕೇಳುವವರೆಗಾದರೂ ಎಚ್ಚರವಿರಬೇಕೆಂದುಕೊಂಡ. ಆದರೆ ಅಷ್ಟರೊಳಗೆ ಅವನಿಗೆ ನಿದ್ದೆ ಹತ್ತಿತು.